ಅರ್ಥವಿರುವುದಿಲ್ಲ ಎಂದು ಬರೆದುಕೊಟ್ಟದ್ದು

ನನ್ನ ಕೈಬರಹ ಚೆನ್ನಾಗಿದೆ. ಇದು ಜಂಬವಲ್ಲ, ದೂರು. ಹೊಳಲ್ಕೆರೆಯ ಹೈಸ್ಕೂಲಿಗೆ ನಾನು ಡ್ರಾಯಿಂಗ್ ಟೀಚರಾಗಿ ಸೇರಿದಾಗ ನನಗೆ ಚಿತ್ರ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅಕ್ಷರ ದುಂಡಗಿದೆಯೇ ಎಂದು ಮಾತ್ರ ಕೇಳಿದರು. ದುಂಡಗಿತ್ತು. ಅಲ್ಲಿಗೆ ನನ್ನ ಕಲಾಜೀವನದ ದಿಕ್ಕು ನಿರ್ಧಾರವಾಯಿತು. ಇಪ್ಪತ್ತು ವರ್ಷದಲ್ಲಿ ನಾನು ಬರೆದ 'ಸುಸ್ವಾಗತ'ಗಳನ್ನು ಸಾಲಾಗಿ ಜೋಡಿಸಿದರೆ ಚಿತ್ರದುರ್ಗದವರೆಗೆ ಬರುವವರನ್ನೆಲ್ಲ ಸ್ವಾಗತಿಸಬಹುದು. ಶಾಲೆಯದು ಮುಗಿದ ಮೇಲೆ ಊರಿನದು ಶುರುವಾಯಿತು. ಆಸ್ಪತ್ರೆಯಲ್ಲಿ 'ನಿಶ್ಶಬ್ದ', ನೀರಿನ ಟ್ಯಾಂಕಿನ ಮೇಲೆ 'ಜೀವಜಲ', ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯಲ್ಲಿ 'ಇಲ್ಲಿ ಮೂತ್ರ ವಿಸರ್ಜನೆ ನಿಷೇಧಿಸಲಾಗಿದೆ'. ಕೊನೆಯದನ್ನು ನಾನು ಬಹಳ ಮನಸ್ಸಿಟ್ಟು ಬರೆದಿದ್ದೆ. ಷ ಅಕ್ಷರದ ಹೊಟ್ಟೆಯ ಗೀಟನ್ನು ಎರಡು ಸಲ ತಿದ್ದಿದ್ದೆ. ಮಾರನೆಯ ದಿನ ನೋಡಿದರೆ ಜನ ಸರಿಯಾಗಿ ಆ ಷದ ಕೆಳಗೇ ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಶಾಲೆಯ ಕಾಂಪೌಂಡಿನ ಮೇಲೆ 'ನೀರು ಉಳಿಸಿ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆಯುವ ಕೆಲಸ ಬಂತು. ಬೆಂಚಿನ ಮೇಲೆ ಬೆಂಚಿಟ್ಟು ಹತ್ತಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಳಿಗೆ ಬಣ್ಣ ತುಂಬುತ್ತಿದ್ದೆ. ಅಷ್ಟು ಹತ್ತಿರದಲ್ಲಿ ಅಕ್ಷರ ಕಾಣುವುದಿಲ್ಲ. ನೀಲಿ ಬಣ್ಣದ ಒಂದು ಬಾಗು ಕಾಣುತ್ತದೆ, ಅದು ಹೋಗಿ ತನ್ನೊಳಗೆ ತಾನೇ ಸುತ್ತಿಕೊಳ್ಳುತ್ತದೆ, ಮತ್ತೆ ಹೊರಗೆ ಬರುತ್ತದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ಗೊತ್ತಿಲ್ಲ. ಕೆಳಗಿನಿಂದ ಹೆಡ್‌ಮಾಸ್ತರರು ತಲೆ ಸುತ್ತುತ್ತಿದೆಯೇ ಎಂದು ಕೇಳಿದರು. ಹೌದೆಂದೆ. ಇಳಿದು ಬಂದು ಮಜ್ಜಿಗೆ ಕುಡಿಯಲು ಹೇಳಿದರು. ನಲವತ್ತರ ಹೆಂಗಸು ಒಂದು ಳ ನೋಡಿ ಮೈಮರೆತಳು ಎಂದು ಹೇಳುವುದಕ್ಕಿಂತ ಮಜ್ಜಿಗೆ ಕುಡಿಯುವುದೇ ಮರ್ಯಾದೆಯಾಗಿತ್ತು.

ಅಂದಿನಿಂದ ಮನೆಯಲ್ಲಿ ಅಕ್ಷರಗಳ ಚಿತ್ರ ಶುರುವಾಯಿತು. ಪದವಲ್ಲ, ವಾಕ್ಯವಲ್ಲ, ಬುದ್ಧಿಮಾತಂತೂ ಅಲ್ಲವೇ ಅಲ್ಲ. ಒಂದರ ಮೇಲೊಂದು ಏರಿದ ಮ, ಅಡ್ಡ ಮಲಗಿದ ಇ, ತಲಕಟ್ಟು ಕಳಚಿಟ್ಟು ಬೋಳು ತಲೆಯಲ್ಲಿ ನಿಂತ ಕ. ನನ್ನ ಗಂಡ ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ನೌಕರರು, ಶನಿವಾರ ಮನೆಗೆ ಬರುವವರು. ಮೊದಲ ಶನಿವಾರ ಗೋಡೆಗೆ ಒರಗಿಸಿದ ಚಿತ್ರವನ್ನು ನೋಡಿ ಏನು ಬರೆದಿದೆ ಎಂದರು. ಏನೂ ಬರೆದಿಲ್ಲ ಎಂದೆ. ಅವರು ಅಣೆಕಟ್ಟೆಯ ಗೇಟು ನೋಡಿಕೊಳ್ಳುವವರು, ನೀರು ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ಹೋಗಲೇಬೇಕು ಎಂದು ನಂಬಿದವರು. ಎರಡನೆಯ ಶನಿವಾರವೂ ಅದನ್ನೇ ಕೇಳಿದರು. ಮೂರನೆಯ ಶನಿವಾರ ಕೇಳಲಿಲ್ಲ. ನಮ್ಮ ಅತ್ತಿಗೆಗೆ ಫೋನು ಮಾಡಿ, ನನಗೆ ಶಾಲೆಯಲ್ಲಿ ಏನಾದರೂ ಬೇಜಾರಾಗಿದೆಯೇ ಎಂದು ವಿಚಾರಿಸಿದರು.

ಶಾಲೆಯಲ್ಲಿ ಕನ್ನಡ ಮೇಷ್ಟ್ರು ನನ್ನ ನಿಜವಾದ ವಿಮರ್ಶಕರಾಗಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಒಣಗಲು ಇಟ್ಟಿದ್ದ ಚಿತ್ರವೊಂದನ್ನು ಊಟದ ಬಿಡುವಿನಲ್ಲಿ ನೋಡಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಒಂದು ಮೂಲೆಯಲ್ಲಿ 'ಕಾಗುಣಿತ ದೋಷ' ಎಂದು ಬರೆದು, ಕೆಳಗೆ ಚಿಕ್ಕ ಸಹಿ ಹಾಕಿದ್ದರು. ಕೇಳಿದರೆ ಅಭ್ಯಾಸ ಬಲ ಎಂದರು. ನಾನು ಆ ಚಿತ್ರವನ್ನು ಹಾಗೆಯೇ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಆ ಕೆಂಪು ಗೀಚು ಬಿದ್ದಿದ್ದ ಜಾಗ ಚೆನ್ನಾಗಿತ್ತು.

ಚಿತ್ರದುರ್ಗದಲ್ಲಿ ಜಿಲ್ಲೆಯ ಶಿಕ್ಷಕರ ಕಲಾಪ್ರದರ್ಶನ ನಡೆದಾಗ ಮೂರು ಚಿತ್ರ ಕಳಿಸಿದೆ. ಕೋಟೆಯ ಚಿತ್ರಗಳು ಹದಿನೆಂಟು, ನವಿಲು ಒಂಬತ್ತು, ಕೊಡ ಹೊತ್ತ ಹೆಂಗಸರು ಲೆಕ್ಕವಿಲ್ಲ. ಅವುಗಳ ನಡುವೆ ನನ್ನ ಳ ತಲೆಕೆಳಗಾಗಿ ನೇತಾಡುತ್ತಿತ್ತು. ಸಂಘಟಕರ ಅಜ್ಞಾನ ಎಂದು ಬೈಯಬಹುದಿತ್ತು, ಆದರೆ ಅದರ ಮುಂದೆ ಅರ್ಧ ಗಂಟೆ ನಿಂತಿದ್ದ ನನಗೂ ಗೊತ್ತಾಗಿರಲಿಲ್ಲ. ತೀರ್ಪುಗಾರರು ಬಂದು ಇದರ ಸಂದೇಶವೇನು ಎಂದರು. ಸಂದೇಶವಿಲ್ಲ ಎಂದೆ. ಅವರು ಕರುಣೆಯಿಂದ ನೋಡಿ ಸಮಾಧಾನಕರ ಬಹುಮಾನ ಕೊಟ್ಟರು. ಯಾರ ಸಮಾಧಾನಕ್ಕೆ ಎಂದು ತಿಳಿಯಲಿಲ್ಲ. ಮರುದಿನ ಪತ್ರಿಕೆಯಲ್ಲಿ ನನ್ನ ಚಿತ್ರ 'ಸಾಕ್ಷರತೆಯ ಮಹತ್ವವನ್ನು ಸಾರುವಂತಿತ್ತು' ಎಂದು ಬಂದಿತ್ತು.

ಆದರೆ ಅಲ್ಲಿ ಒಬ್ಬ ಯುವ ಅಧಿಕಾರಿ ಸಿಕ್ಕರು. ಹೊಸದುರ್ಗಕ್ಕೆ ಹೊಸದಾಗಿ ಬಂದಿದ್ದವರು, ಪಟ್ಟಣದ ಅಂದಚಂದ ಅವರ ಉಸ್ತುವಾರಿಯಲ್ಲಿತ್ತು. ಚಿತ್ರದ ಮುಂದೆ ಬಹಳ ಹೊತ್ತು ನಿಂತು, ತಮ್ಮ ಕಚೇರಿಯಲ್ಲಿ ಪ್ರತಿಯೊಂದು ಕಾಗದವೂ ಏನಾದರೂ ಹೇಳುತ್ತಲೇ ಇರುತ್ತದೆ, ಇದು ಸುಮ್ಮನಿದೆ, ಅದಕ್ಕೇ ಇಷ್ಟವಾಯಿತು ಎಂದರು. ನನ್ನ ಚಿತ್ರವನ್ನು ಅದಕ್ಕಿಂತ ಚೆನ್ನಾಗಿ ಇಂದಿನವರೆಗೂ ಯಾರೂ ಹೊಗಳಿಲ್ಲ. ಹೊಸದುರ್ಗದ ಬಸ್ ನಿಲ್ದಾಣದ ಪಕ್ಕ ಉದ್ದನೆಯ ಗೋಡೆಯೊಂದಿದೆ, ಅದರ ಮೇಲೆ ಏನು ಬರೆದರೂ ಜನ ಅದಕ್ಕೆ ಮೂತ್ರ ಮಾಡುತ್ತಾರೆ, ದೇವರ ಪಟವನ್ನೂ ಬಿಟ್ಟಿಲ್ಲ, ನೀವಾದರೂ ಏನಾದರೂ ಮಾಡಿ ಎಂದು ಕೇಳಿಕೊಂಡರು. ಕಲಾವಿದರಿಗೆ ಗೋಡೆ ಸಿಗುವುದು ಇಂಥ ಗೌರವದಿಂದಲೇ ಎಂದು ಒಪ್ಪಿಕೊಂಡೆ.

ಗೋಡೆ ಮೂವತ್ತು ಅಡಿಗಿಂತ ಉದ್ದವಿತ್ತು. ಅಷ್ಟು ದೊಡ್ಡ ಅಕ್ಷರಕ್ಕೆ ಅಚ್ಚು ಬೇಕು. ತಗಡಿನಲ್ಲಿ ಅಚ್ಚು ಕೊಯ್ಯುವವರು ನಮ್ಮೂರಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದಾಗ ಎಲ್ಲರೂ ಅಡಿಕೆ ಮಂಡಿಯ ಕಡೆ ಕೈ ತೋರಿಸಿದರು. ಅಡಿಕೆ ಚೀಲಗಳ ಮೇಲೆ ಮಂಡಿಯ ಗುರುತು ಹಾಕಬೇಕಲ್ಲ, ಅದಕ್ಕೆ ತಗಡಿನಲ್ಲಿ ಅಕ್ಷರದ ಆಕಾರ ಕೊಯ್ದು, ಚೀಲದ ಮೇಲಿಟ್ಟು, ಮಸಿ ಬಳಿಯುತ್ತಾರೆ. ಆ ತಗಡು ಕೊಯ್ಯುವವನು ಎಪ್ಪತ್ತರ ಹತ್ತಿರದ ಒಬ್ಬ ಅಜ್ಜ. ಮಂಡಿಯ ಹಿಂದಿನ ತಗಡಿನ ಶೀಟಿನ ಕೆಳಗೆ, ಹಳೆಯ ಎಣ್ಣೆ ಡಬ್ಬಿಗಳ ನಡುವೆ ಕೂತಿದ್ದ. ಬೆರಳುಗಳ ತುಂಬ ಗಾಯದ ಗೆರೆಗಳು.

ನಾನು ತಂದಿದ್ದ ಕಾಗದಗಳನ್ನು ಅವನು ನೆಲದ ಮೇಲೆ ಹರಡಿಕೊಂಡು, ಒಂದನ್ನು ಎತ್ತಿ, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ. ಇದು ಏನು ಬರೆದಿದೆ ಎಂದು ಕೇಳುತ್ತಾನೆಂದು ಉತ್ತರ ಸಿದ್ಧಮಾಡಿಕೊಂಡು ನಿಂತೆ. ಅವನು ಕೇಳಲಿಲ್ಲ. "ಈ ಮಲಗಿರೋ ಬೆಕ್ಕೈತಲ್ಲ," ಎಂದು ಳವನ್ನು ತೋರಿಸಿ, "ಇದಕ್ಕೆ ಬಾಲದ ತಾವ ತೂಕ ಜಾಸ್ತಿ ಆಗೈತೆ. ಕೊಯ್ದ್ರೆ ಬಗ್ಗುತೈತೆ" ಎಂದ.

ಸ್ವಲ್ಪ ಹೊತ್ತಿನ ಮೇಲೆ ನನಗೆ ವಿಷಯ ತಿಳಿಯಿತು. ನಲವತ್ತು ವರ್ಷದಿಂದ ಅಕ್ಷರ ಕೊಯ್ಯುತ್ತಿದ್ದ ಆ ಮನುಷ್ಯನಿಗೆ ಅಕ್ಷರ ಓದಲು ಬರುತ್ತಿರಲಿಲ್ಲ. ಯಾರೋ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ತಗಡಿಗೆ ಅಂಟಿಸಿ ಕೊಯ್ಯುವುದು ಅವನ ಕೆಲಸ. ಆದರೆ ಒಂದೊಂದು ಅಕ್ಷರಕ್ಕೂ ಅವನದೇ ಹೆಸರಿತ್ತು. ಕ ಎಂದರೆ ಸೊಂಟಕ್ಕೆ ಟವಲು ಕಟ್ಟಿದವನು. ರ ಕುಡಿಕೆ. ಗ ಬಾಗಿಲು. ಠ ಕಣ್ಣು. ಳ ಬಾಲ ಸುತ್ತಿಕೊಂಡು ಮಲಗಿದ ಬೆಕ್ಕು. ಯಾವುದನ್ನು ಕೊಯ್ದರೆ ಒಳಗಿನ ತುಂಡು ಬಿದ್ದುಹೋಗುತ್ತದೆ, ಅದು ಬೀಳದಂತೆ ತಗಡಿನ ಸಣ್ಣ ಪಟ್ಟಿಯನ್ನು ಎಲ್ಲಿ ಬಿಡಬೇಕು ಎಂಬುದು ಅವನಿಗೆ ಬೆರಳಿನಲ್ಲಿತ್ತು. ಕುಡಿಕೆಗೆ ಒಂದು ಹಿಡಿಕೆ ಸಾಕು, ಕಣ್ಣಿಗೆ ಎರಡು ಬೇಕು ಎನ್ನುತ್ತಿದ್ದ. ನಾನು ಎರಡು ವರ್ಷ ಒದ್ದಾಡಿ ಕಲಿತದ್ದನ್ನು, ಅಂದರೆ ಅಕ್ಷರವನ್ನು ಓದದೆ ನೋಡುವುದನ್ನು, ಈ ಅಜ್ಜ ಬೇರೆ ದಾರಿಯೇ ಇಲ್ಲದೆ ಮಾಡುತ್ತಿದ್ದ. ನನಗೆ ಗುರು ಸಿಕ್ಕಷ್ಟು ಸಂತೋಷವಾಯಿತು. ಗುರುವಿಗೆ ಏನಾಯಿತು ಎಂದು ಕೇಳುವ ಬುದ್ಧಿ ಆಗ ಬರಲಿಲ್ಲ.

ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೊಸದುರ್ಗಕ್ಕೆ ದಿನಾ ಬೆಳಿಗ್ಗೆಯ ಬಸ್ಸಿನಲ್ಲಿ ಹೋಗಿ ಬಿಸಿಲೇರುವವರೆಗೆ ಕೆಲಸ ಮಾಡಿದೆವು. ಅಕ್ಷರಗಳನ್ನು ಆರಿಸಿದವಳು ನಾನು, ಯಾವುದು ಯಾವುದರ ಪಕ್ಕ ನಿಲ್ಲಬೇಕು ಎಂದು ಹೇಳಿದವನು ಅವನು. ಟವಲು ಕಟ್ಟಿದವನು ಮೊದಲು ನಿಲ್ಲಲಿ, ಅವನು ಗಟ್ಟಿ ಆಳು. ಪಕ್ಕದಲ್ಲಿ ಕುಡಿಕೆ. ಆಮೇಲೆ ಬೆಕ್ಕು ಉದ್ದಕ್ಕೆ ಮಲಗಲಿ. ಕೊನೆಗೆ ಒಂದು ಕಣ್ಣು, ಎಲ್ಲಕ್ಕಿಂತ ದೊಡ್ಡದು. ಕಪ್ಪು, ಇಟ್ಟಿಗೆ ಕೆಂಪು, ನಡುವೆ ಸ್ವಲ್ಪ ಅರಿಶಿನ. ಒಂದರ ಮೇಲೊಂದು ಹತ್ತಿ, ಒಂದರೊಳಗೊಂದು ನುಗ್ಗಿ, ಗೋಡೆ ತುಂಬಿತು. ಮುಗಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆವು. ಅಜ್ಜ ಬೀಡಿ ಹಚ್ಚಿ, ಬೆಕ್ಕು ಚೆನ್ನಾಗಿ ಕುಂತೈತೆ ಎಂದ. ನನಗೆ ಕಣ್ಣು ತುಂಬಿ ಬಂತು.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಚಹಾದಂಗಡಿಯವನು ಕೂಗಿ ಕೇಳಿದ. "ಕೇರಳದ ಬಸ್ ಇಲ್ಲಿಂದ ಹೊಂಡ್ತದಾ ಮೇಡಂ?"

ಕ, ರ, ಳ. ಕೊನೆಯ ಠವನ್ನು ಅವನು ಬಸ್ಸಿನ ಚಕ್ರ ಎಂದುಕೊಂಡಿದ್ದ. ನಾನು ಕನ್ನಡ ಕಲಿತವಳು, ಮಕ್ಕಳಿಗೆ ಪಾಠ ಹೇಳುವವಳು. ಇಡೀ ರಜೆ ಆ ಗೋಡೆಯ ಮುಂದೆ ಕಳೆದವಳು. ಒಂದು ಸಲವೂ ನನಗೆ ಅದು ಹೊಳೆದಿರಲಿಲ್ಲ. ಅಕ್ಷರವನ್ನು ಓದದೆ ನೋಡಬೇಕು ಎಂಬ ನನ್ನ ಸಾಧನೆ ಅಷ್ಟು ಪರಿಪೂರ್ಣವಾಗಿತ್ತು.

ಒಂದು ವಾರದಲ್ಲಿ ಹೊಸದುರ್ಗ ಇಡೀ ಓದತೊಡಗಿತು. ಕೇರಳ ಎಂದು ಬರೆಯಲು ಹೋಗಿ ಏತ್ವ ದೀರ್ಘ ಮರೆತಿದ್ದಾರೆ ಎಂದು ಒಂದು ಪಕ್ಷ. ಅದು ಕರುಳು, ಕೊಂಬು ಬಿಟ್ಟುಹೋಗಿದೆ, ಉಚಿತ ಹೊಟ್ಟೆ ತಪಾಸಣೆ ಶಿಬಿರವಿರಬೇಕು ಎಂದು ಇನ್ನೊಂದು ಪಕ್ಷ. ಇಬ್ಬರು ಹೆಂಗಸರು ಶಿಬಿರದ ದಿನಾಂಕ ಕೇಳಿಕೊಂಡು ಆಸ್ಪತ್ರೆಗೆ ಹೋಗಿಬಂದರಂತೆ. ಜ್ಯೋತಿಷ್ಯದವರೊಬ್ಬರು ಇದು ಬೀಜಾಕ್ಷರ, ಬರೆಸಿದವರಿಗೆ ಒಳ್ಳೆಯದು, ಎದುರಿನ ಅಂಗಡಿಗಳಿಗೆ ಕೆಟ್ಟದ್ದು ಎಂದರು. ಎದುರಿನ ಮೂರು ಅಂಗಡಿಗಳಿಗೆ ನಿಂಬೆಹಣ್ಣು ಕಟ್ಟಲಾಯಿತು. ಅಂಗಡಿಯವನೊಬ್ಬ ಆ ಠದ ಚುಕ್ಕಿಯೊಳಗೆ ಕ್ಯಾಮೆರಾ ಇದೆ ಎಂದು ಹಬ್ಬಿಸಿದ. ಇದೊಂದು ಓದಿನಿಂದ ಮಾತ್ರ ಫಲ ಸಿಕ್ಕಿತು. ಗೋಡೆಗೆ ಮೂತ್ರ ಮಾಡುವುದು ನಿಂತುಹೋಯಿತು. ಇಪ್ಪತ್ತು ವರ್ಷ ನಾನು ಶುದ್ಧ ಕನ್ನಡದಲ್ಲಿ ಬರೆದು ನಿಲ್ಲಿಸಲಾಗದ್ದನ್ನು ಅರ್ಥವಿಲ್ಲದ ಒಂದು ಠ ಒಂದೇ ವಾರದಲ್ಲಿ ನಿಲ್ಲಿಸಿತ್ತು. ಯುವ ಅಧಿಕಾರಿ ಫೋನು ಮಾಡಿ ಅಭಿನಂದಿಸಿದರು. ಅದಾದ ಎರಡನೆಯ ವಾರಕ್ಕೆ ಅವರಿಗೆ ವರ್ಗವಾಯಿತು.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂದರೆ ಗೋಡೆಯ ಮೇಲಿನ ಬರಹಗಳನ್ನೆಲ್ಲ ಮುಚ್ಚಬೇಕು ಎಂಬುದು ನಿಯಮ. ಕ ಅಕ್ಷರದಿಂದ ಹೆಸರು ಶುರುವಾಗುವ ಅಭ್ಯರ್ಥಿಗಳು ಇಬ್ಬರಿದ್ದರು. ಒಬ್ಬರು ಇದು ಇನ್ನೊಬ್ಬರ ಪ್ರಚಾರವೆಂದು ದೂರು ಕೊಟ್ಟರು. ಇನ್ನೊಬ್ಬರು, ತಮ್ಮ ಹೆಸರಿನ ಅಕ್ಷರವನ್ನು ಟವಲು ಕಟ್ಟಿದವನಂತೆ ಬರೆದು ಅವಮಾನಿಸಲಾಗಿದೆ ಎಂದು ದೂರು ಕೊಟ್ಟರು. ಅಜ್ಜ ಅಕ್ಷರಗಳಿಗಿಟ್ಟ ಹೆಸರುಗಳು ಚಹಾದಂಗಡಿಯ ಮೂಲಕ ಅಲ್ಲಿಗೂ ತಲುಪಿದ್ದವು. ನನಗೆ ನೋಟೀಸು ಬಂತು. ಸದರಿ ಗೋಡೆ ಬರಹದ ಅರ್ಥವನ್ನು ಖುದ್ದಾಗಿ ಹಾಜರಾಗಿ ವಿವರಿಸತಕ್ಕದ್ದು.

ಅಜ್ಜನನ್ನೂ ಕರೆದುಕೊಂಡು ಹೋದೆ. ಕೆಲಸ ಇಬ್ಬರದ್ದಲ್ಲವೇ ಎಂಬ ಔದಾರ್ಯ. ಮೇಜಿನ ಆಚೆ ಕೂತಿದ್ದ ಅಧಿಕಾರಿ ಕೆಟ್ಟವರಲ್ಲ, ದಣಿದಿದ್ದರು. ಇದರ ಅರ್ಥವೇನು ಎಂದು ಕೇಳಿದರು. ಅರ್ಥವಿಲ್ಲ, ಇದು ಅಕ್ಷರಗಳ ಆಕಾರ ಮಾತ್ರ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅರ್ಥ ಇಲ್ಲ ಅಂತ ಬರ್ದು ಕೊಡ್ರಿ. ಇಬ್ರು ಸಹಿ ಹಾಕ್ರಿ. ನನಗೆ ಫೈಲಿಗೆ ಅಷ್ಟು ಸಾಕು."

ಬಿಳಿ ಹಾಳೆ ಕೊಟ್ಟರು. ನಾನು ನನ್ನ ದುಂಡನೆಯ ಅಕ್ಷರದಲ್ಲಿ ಬರೆದೆ: ಹೊಸದುರ್ಗ ಬಸ್ ನಿಲ್ದಾಣದ ಪಕ್ಕದ ಗೋಡೆಯ ಮೇಲೆ ನಾವು ಬರೆದಿರುವ ಅಕ್ಷರಗಳಿಗೆ ಯಾವುದೇ ಅರ್ಥವಿರುವುದಿಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇವೆ. ದೊಡ್ಡ ಊರುಗಳ ಕಲಾವಿದರು ತಮ್ಮ ಕಲೆಯ ಬಗ್ಗೆ ಪುಸ್ತಕದಂಥ ಹೇಳಿಕೆಗಳನ್ನು ಅಚ್ಚು ಹಾಕಿಸುತ್ತಾರಂತೆ. ನನ್ನದು ಇದೊಂದೇ. ಹೊಸದುರ್ಗದ ಯಾವುದೋ ಕಡತದಲ್ಲಿ ಮೊಹರಿನೊಂದಿಗೆ ಭದ್ರವಾಗಿದೆ.

ನಾನು ಸಹಿ ಹಾಕಿ ಹಾಳೆಯನ್ನು ಅಜ್ಜನ ಕಡೆ ತಳ್ಳಿದೆ. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಎಡಗೈ ಹೆಬ್ಬೆರಳು ಮುಂದೆ ಮಾಡಿದ. ಗುಮಾಸ್ತ ಮಸಿಯ ಡಬ್ಬಿ ಹುಡುಕಿ ತಂದ. ಒತ್ತಿಸಿಕೊಳ್ಳುವಾಗ ಪಕ್ಕದವನಿಗೆ, ಅಕ್ಷರ ಬರೆಯೋರಿಗೇ ಅಕ್ಷರ ಬರಲ್ಲ ನೋಡ್ರಿ ಎಂದು ಮೆಲ್ಲಗೆ ಹೇಳಿದ. ಮೆಲ್ಲಗೆ ಎಂದರೆ ಎಲ್ಲರಿಗೂ ಕೇಳುವಷ್ಟು. ಒಂದಿಬ್ಬರು ನಕ್ಕರು. ಅಜ್ಜ ಹೆಬ್ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಬಸ್ಸಿನಲ್ಲಿ ಹೊಳಲ್ಕೆರೆಯವರೆಗೂ ಒರೆಸಿಕೊಳ್ಳುತ್ತಲೇ ಇದ್ದ. ನಾನು ದಾರಿಯುದ್ದಕ್ಕೂ ಅಧಿಕಾರಿಗಳಿಗೆ ಕಲೆ ತಿಳಿಯದು ಎಂದು ಮಾತಾಡಿದೆ.

ಗೋಡೆಗೆ ಕಂದು ಕಾಗದ ಅಂಟಿಸಿದರು. ಚುನಾವಣೆ ಮುಗಿದ ಮೇಲೆ ಕಿತ್ತಾಗ ಕಾಗದದ ಜೊತೆ ಬಣ್ಣವೂ ಕಿತ್ತುಬಂತು. ಬೆಕ್ಕಿಗೆ ಬಾಲ ಉಳಿಯಿತು, ಕುಡಿಕೆ ಒಡೆಯಿತು, ಕಣ್ಣು ಪೂರ್ತಿ ಹೋಯಿತು. ಕಣ್ಣು ಹೋದ ಸುದ್ದಿ ಬೇಗ ಹರಡಿತು. ಜನ ಎಂದಿನಂತೆ ಬಂದು ನಿಂತರು. ಆಮೇಲೆ ಆ ಜಾಗದಲ್ಲಿ ಮಳಿಗೆ ಕಟ್ಟಲು ಗೋಡೆಯನ್ನೇ ಕೆಡವಿದರು.

ಆ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ಸಂಜೆ ಹೊತ್ತು ವಯಸ್ಕರಿಗೆ ಓದು ಬರಹ ಕಲಿಸುವ ತರಗತಿ ಶುರುವಾಯಿತು. ಕಲಿಸುವ ಹೊಣೆ ಬಿದ್ದದ್ದು ಕನ್ನಡ ಮೇಷ್ಟ್ರ ಮೇಲೆ. ಮೊದಲ ದಿನ ಬಂದ ಆರು ಜನರಲ್ಲಿ ತಗಡಿನ ಅಜ್ಜನೂ ಒಬ್ಬ. ನಾನು ಕಿಟಕಿಯಿಂದ ನೋಡಿ ಬೆಚ್ಚಿದೆ. ಟೀಚರಾಗಿ ಇಪ್ಪತ್ತು ವರ್ಷ ಸಂಬಳ ತೆಗೆದುಕೊಂಡವಳು, ಒಬ್ಬ ಮನುಷ್ಯ ಅಕ್ಷರ ಕಲಿಯುವುದನ್ನು ಕಂಡು ಸಂಕಟಪಟ್ಟೆ. ಇನ್ನು ಆರು ತಿಂಗಳಲ್ಲಿ ಆ ಕಣ್ಣು ಹಾಳಾಗುತ್ತದೆ ಎಂದು ಮನಸ್ಸು ಹೇಳಿತು. ಮರುದಿನ ಮಂಡಿಗೆ ಹೋಗಿ, ಈ ವಯಸ್ಸಿನಲ್ಲಿ ಯಾಕೆ ಕಷ್ಟ, ನಿನಗೆ ಗೊತ್ತಿರುವುದು ಆ ಮೇಷ್ಟ್ರಿಗೂ ಗೊತ್ತಿಲ್ಲ ಎಂದು ಹೇಳಿಯೂ ಬಂದೆ. ಅವನು ತಗಡು ಕೊಯ್ಯುತ್ತಾ ಕೇಳಿಸಿಕೊಂಡು, ಹೂಂ ಎಂದ. ಸಂಜೆ ಸ್ಲೇಟು ಹಿಡಿದು ತರಗತಿಗೆ ಹೋದ.

ಮೇಷ್ಟ್ರು ಕೆಂಪು ಪೆನ್ನಿನ ಮನುಷ್ಯರಾದರೂ ಕಲಿಸುವುದರಲ್ಲಿ ಒಳ್ಳೆಯವರು ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಅಜ್ಜನಿಗೆ ಆಕಾರಗಳು ಮೊದಲೇ ಗೊತ್ತು, ಸದ್ದು ಮಾತ್ರ ಕೂಡಿಸಬೇಕು ಎಂದು ಮೊದಲ ವಾರವೇ ಕಂಡುಕೊಂಡರು. ಕುಡಿಕೆ ರ ಎನ್ನುತ್ತೆ, ಬಾಗಿಲು ಗ ಎನ್ನುತ್ತೆ ಎಂದು ಅವನ ಹೆಸರುಗಳಲ್ಲೇ ಕಲಿಸಿದರು. ಇದು ನನಗೆ ಹೊಳೆದಿರಲಿಲ್ಲ. ಉಳಿದವರು ಕಾಗುಣಿತದಲ್ಲಿ ಎಡವುತ್ತಿದ್ದಾಗ ಅಜ್ಜ ಪಾಠದ ಪುಸ್ತಕ ಓದುತ್ತಿದ್ದ.

ಓದಲು ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ, ತಾನು ಕೊಯ್ದಿದ್ದ ತಗಡುಗಳನ್ನೆಲ್ಲ ತೆಗೆದು ಓದಿದ್ದು. ನಾನು ಅಲ್ಲೇ ಇದ್ದೆ. ಒಂದು ತಗಡಿನ ಮುಂದೆ ನಿಂತ. ಬೆರಳಿಟ್ಟು ಓದಿದ, ಮತ್ತೆ ಓದಿದ. ನನ್ನನ್ನು ಕರೆದು ನೋಡ್ರಿ ಎಂದ. ಒಂದು ಮಂಡಿಯ ಹಳೆಯ ಗುರುತು, ಹೆಸರಿನ ಕೆಳಗೆ ಊರು. 'ಹೊಳಕ್ಲೆರೆ' ಎಂದಿತ್ತು. ಮೇಲಿರಬೇಕಾದ ಲ ಒತ್ತಾಗಿ ಕೆಳಗೆ ಜಾರಿ, ಒತ್ತಾಗಬೇಕಾದ ಕ ಮೇಲೇರಿತ್ತು. ಯಾರೋ ಓದು ಬಲ್ಲವರು ಕಾಗದದ ಮೇಲೆ ಹಾಗೆ ಬರೆದುಕೊಟ್ಟಿದ್ದರು, ಇವನು ಹಾಗೇ ಕೊಯ್ದಿದ್ದ. ಅದೆಷ್ಟೋ ವರ್ಷ ಆ ಚೀಲಗಳು ಊರಿನ ನಡುವೆಯೇ ಸಾಲಾಗಿ ನಿಂತಿದ್ದವು. ವ್ಯಾಪಾರಿಗಳು, ಲಾರಿಯವರು, ಮೇಷ್ಟ್ರು, ನಾನು, ಎಲ್ಲರೂ ಅವುಗಳ ಪಕ್ಕದಲ್ಲೇ ಓಡಾಡಿದ್ದೆವು. ಓದಲು ಬರುವವರಲ್ಲಿ ಒಬ್ಬರೂ ಓದಿರಲಿಲ್ಲ. ಅಜ್ಜ ತಗಡನ್ನು ಎತ್ತಿಕೊಂಡು ಮಂಡಿಯವರ ಬಳಿ ಹೋದ. ಅವರು ನೋಡಿ, ಇರಲಿ ಬಿಡು, ಇದೇ ಗುರುತಿಗೆ ಜನ ಒಗ್ಗಿಕೊಂಡಿದ್ದಾರೆ, ಸರಿ ಮಾಡಿದರೆ ನಕಲಿ ಎಂದುಕೊಳ್ಳುತ್ತಾರೆ ಎಂದು ಕಳಿಸಿದರು.

ಅವನು ಅದಕ್ಕೆ ನಗಲಿಲ್ಲ. ಹಿಂದಕ್ಕೆ ಬಂದು ಡಬ್ಬಿಯ ಮೇಲೆ ಕೂತು, ಬೇರೊಂದು ಮಾತು ಹೇಳಿದ.

"ಮೊದ್ಲು ತಗಡು ಹಿಡಿದ್ರೆ ಬೆಕ್ಕು ಕಾಣ್ತಿತ್ತು ಟೀಚರಮ್ಮ. ಈಗ ನೋಡಾಕೆ ಮುಂಚೇನೆ ಳ ಅಂತ ಕೂಗ್ತೈತೆ."

ನಾನು ಕಾದಿದ್ದು ಇದನ್ನೇ. ನಾನು ಹೇಳಿರಲಿಲ್ಲವೇ ಎಂದು ಶುರುಮಾಡಿದೆ. ಎಂಥ ಕಣ್ಣಿತ್ತು ನಿನಗೆ, ದೊಡ್ಡ ದೊಡ್ಡ ಕಲಾವಿದರು ಜನ್ಮವಿಡೀ ತಪಸ್ಸು ಮಾಡಿದರೂ ಸಿಗದ ಕಣ್ಣು, ಕೈಯಾರೆ ಕಳೆದುಕೊಂಡೆಯಲ್ಲ ಎಂದು ಮರುಗಿದೆ. ಭಾಷಣ ಚೆನ್ನಾಗಿಯೇ ಇತ್ತು. ಅವನು ಮುಗಿಯುವವರೆಗೆ ಕಾದ.

"ನಿಮಗೆ ಓದಾಕೆ ಬರ್ತೈತೆ. ಅದಕ್ಕೆ ಓದ್ದಂಗಿರೋದು ನಿಮಗೆ ಆಟ," ಎಂದ. "ನಾನು ಆಟ ಆಡ್ತಿರ್ಲಿಲ್ಲ."

ಆಮೇಲೆ ಕತ್ತರಿಯ ತಿರುಪು ಬಿಗಿ ಮಾಡುತ್ತಾ ಒಂದು ಸಂಗತಿ ಹೇಳಿದ. ಅವನ ಮಗಳನ್ನು ಯಲ್ಲದಕೆರೆಗೆ ಕೊಟ್ಟಿದೆ. ಬಹಳ ವರ್ಷದ ಹಿಂದೆ ಅವಳನ್ನು ಹೆರಿಗೆಗೆ ಹಿರಿಯೂರಿಗೆ ಸೇರಿಸಿದ್ದಾರೆ, ಕಷ್ಟವಾಗಿದೆ, ಅಪ್ಪನನ್ನು ಕೇಳುತ್ತಿದ್ದಾಳೆ ಎಂದು ಸುದ್ದಿ ಬಂತು. ಚಿತ್ರದುರ್ಗದ ನಿಲ್ದಾಣದಲ್ಲಿ ಅವನು ಯಾರನ್ನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಬಾಯಿ ಬಿಟ್ಟರೆ ಅಳು ಬರುತ್ತಿತ್ತಂತೆ. ಹಿರಿಯೂರಿನ ಮಂಡಿಗೆ ಕೊಯ್ದಿದ್ದ ತಗಡಿನ ಮೊದಲ ಅಕ್ಷರವನ್ನು ನೆನೆದು, ಬೋರ್ಡಿನಲ್ಲಿ ಅದನ್ನೇ ನೋಡಿ ಹತ್ತಿದ. ಹಿರಿಯೂರಿಗೂ ಹೊಸದುರ್ಗಕ್ಕೂ ಮೊದಲಿಗೆ ಹ. ಕಂಡಕ್ಟರಿಗೆ ದುಡ್ಡು ಚಾಚಿ ಕಣ್ಣು ಮುಚ್ಚಿ ಕೂತವನು ಇಳಿದಾಗ ಹೊಸದುರ್ಗ. ಅವನು ಹಿರಿಯೂರು ಮುಟ್ಟುವಷ್ಟರಲ್ಲಿ ಮಗಳು ಉಳಿದಿದ್ದಳು, ಮಗು ಉಳಿದಿರಲಿಲ್ಲ, ಮಣ್ಣು ಮಾಡಿ ಆಗಿತ್ತು. ಬಸ್ಸು ಕೆಟ್ಟುಹೋಗಿತ್ತು ಎಂದು ಹೇಳಿದ. ಇಂದಿನವರೆಗೂ ಮಗಳಿಗೆ ಅದನ್ನೇ ಹೇಳಿದ್ದಾನೆ.

ಅಕ್ಷರಕ್ಕೆ ಅರ್ಥವಿರಬಾರದು ಎಂದು ಇಷ್ಟು ದಿನ ವಾದಿಸಿದವಳು, ಒಂದು ಹ ಅಕ್ಷರಕ್ಕೆ ಗುಡಿಸು ಇತ್ತೋ ಓತ್ವ ಇತ್ತೋ ಎಂಬುದರ ಮೇಲೆ ಒಬ್ಬನ ಬದುಕಿನ ಒಂದು ದಿನ ನಿಂತಿತ್ತು ಎಂದು ಕೇಳಿ, ನೆಲದ ಮೇಲಿದ್ದ ತಗಡಿನ ಚೂರುಗಳನ್ನು ಆರಿಸತೊಡಗಿದೆ. ಅವನೇ ಎದ್ದು ಹೋಗಿ ಇಬ್ಬರಿಗೂ ಚಹಾ ತಂದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಮಗಳ ಊರಿಗೆ ಹೋಗಾಣ ಬರ್ರಿ, ಅವಳು ನಿಮ್ಮನ್ನು ನೋಡಬೇಕಂತೆ ಎಂದು ಕರೆದ. ಹೊರಟೆವು. ಹೊಳಲ್ಕೆರೆಯಿಂದ ಚಿತ್ರದುರ್ಗದವರೆಗೆ ಅವನು ಕಿಟಕಿಯ ಪಕ್ಕ ಕೂತು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಿದ. ಪಂಚರ್ ಹಾಕಲಾಗುವುದು. ಹಳೆ ಕಬ್ಬಿಣ ಕೊಳ್ಳಲಾಗುವುದು. ಜಮೀನು ಮಾರಾಟಕ್ಕಿಲ್ಲ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಚಿತ್ರದುರ್ಗ ದಾಟಿದ ಮೇಲೆ ಹೆದ್ದಾರಿಯ ಬೋರ್ಡುಗಳು ಬಸ್ಸಿಗಿಂತ ಜೋರಾಗಿ ಓಡತೊಡಗಿ, ಅವನಿಗೆ ಅರ್ಧರ್ಧ ಪದ ಮಾತ್ರ ಸಿಕ್ಕವು. ಅರ್ಧ ಪದಗಳನ್ನೂ ಬಿಡದೆ ಓದಿದ. ಆ ಚೂರುಗಳು ನನ್ನ ಕಿವಿಗೆ ಬಹಳ ಚೆಂದ ಕೇಳಿಸಿದವು. ಹೇಳಲಿಲ್ಲ.

ಹಿರಿಯೂರಿನ ನಿಲ್ದಾಣದಲ್ಲಿ ಇಳಿದು, ನೀವು ಇಲ್ಲಿ ಕುಂತ್ಕಳ್ರಿ ಎಂದು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಬಸ್ಸು ಹುಡುಕಲು ಹೊರಟ. ಒಂದೊಂದು ಬಸ್ಸಿನ ಮುಂದೆಯೂ ನಿಂತು, ತಲೆಯೆತ್ತಿ, ತುಟಿ ಅಲ್ಲಾಡಿಸಿ, ಪೂರ್ತಿ ಓದಿ, ಮುಂದಿನದಕ್ಕೆ ಹೋಗುತ್ತಿದ್ದ. ಮೊದಲ ಅಕ್ಷರಕ್ಕೆ ನಿಲ್ಲಿಸುತ್ತಿರಲಿಲ್ಲ. ಯಲ್ಲದಕೆರೆಯ ಬಸ್ಸು ಸಾಲಿನ ಕೊನೆಯಲ್ಲಿ ನಿಂತದ್ದು ನಾನು ಕೂತಲ್ಲಿಗೇ ಕಾಣುತ್ತಿತ್ತು. ಕಂಡಕ್ಟರು ಕೂಗುತ್ತಲೂ ಇದ್ದ. ಅಜ್ಜ ಇನ್ನೂ ನಾಲ್ಕು ಬಸ್ಸು ಹಿಂದಿದ್ದ. ನಾನು ಕರೆಯಲು ಎದ್ದೆ, ಮತ್ತೆ ಕೂತೆ. ಅವನು ಆ ನಾಲ್ಕರಲ್ಲಿ ಎರಡನೆಯದನ್ನು ಓದುತ್ತಿರುವಾಗ ನಮ್ಮದು ಹೊರಟುಹೋಯಿತು.

ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾದೆವು. ಅದು ಬಂದು ನಿಂತಾಗ ಅವನು ಬೋರ್ಡನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿ, ಇದೇ ಎಂದ. ನಾನೂ ಓದಿ, ಹೌದು ಎಂದೆ.

ಯಲ್ಲದಕೆರೆ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಮಗಳು ಬಾಗಿಲಲ್ಲೇ ನಿಂತಿದ್ದಳು. ಬಸ್ಸು ತಪ್ಪಿತು ಎಂದು ಅಜ್ಜ ಹೇಳುತ್ತಿದ್ದಂತೆ ಅವಳ ಸಿಟ್ಟು ಪೂರ್ತಿ ನನ್ನ ಕಡೆ ತಿರುಗಿತು.

"ಅಪ್ಪನಿಗೇನೋ ಓದಾಕೆ ಈಗಷ್ಟೇ ಬಂದೈತೆ. ನೀವು ಅಷ್ಟು ಓದಿರೋರು ಜೊತೆಗಿದ್ದೂ ತಪ್ಪಿಸ್ಕಂಡ್ರಲ್ಲ."

ನಾನು ಕೈಕಾಲು ತೊಳೆದುಕೊಳ್ಳಲು ಹೋದೆ. ಮುದ್ದೆ ಆರಿತ್ತು, ಸಾರು ಬಿಸಿ ಮಾಡಿ ಬಡಿಸಿದಳು.